ಹತ್ತು ರೂಪಾಯಿ ಷೇರಿನ ಆಸೆ ಬಿಟ್ಟು ಗಟ್ಟಿ ಷೇರು ಆರಿಸುವುದು ಹೇಗೆ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಹೊಸದಾಗಿ ಡಿಮ್ಯಾಟ್ ಖಾತೆ ತೆರೆದವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಹತ್ತು ಸಾವಿರ ಇದೆ. ಹತ್ತು ರೂಪಾಯಿ ಒಳಗೆ ಒಳ್ಳೆ ಷೇರು ಯಾವುದು?" ಕೆಲವು ತಿಂಗಳು ಕಳೆದ ಮೇಲೆ ಅದೇ ಜನ ಎರಡನೇ ಪ್ರಶ್ನೆ ತರುತ್ತಾರೆ. "ಮಾರೋಕೆ ಹಾಕಿದ್ದೀನಿ, ಹೋಗ್ತಾನೇ ಇಲ್ಲ. ಏನ್ಮಾಡಲಿ?"

ಎರಡನೇ ಪ್ರಶ್ನೆ ಹುಟ್ಟುವುದೇ ಮೊದಲನೆಯದರಿಂದ. ಅವರು ಬೆಲೆಯಿಂದ ಶುರು ಮಾಡಿರುತ್ತಾರೆ. ಷೇರು ಆರಿಸುವಾಗ ಬೆಲೆ ನೋಡುವುದು ಕೊನೆಯ ಕೆಲಸ. ಕೊಂಡದ್ದನ್ನು ವಾಪಸ್ ಮಾರಲು ಆಗುತ್ತದಾ ಅನ್ನುವುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಆಮೇಲೆ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ, ಬಿಎಸ್‌ಇ) ಎಚ್ಚರಿಕೆ ಪಟ್ಟಿ, ಪ್ರವರ್ತಕರು (ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರು), ನಗದು, ಸಾಲ. ಬೆಲೆ ಇಷ್ಟೆಲ್ಲ ಆದ ಮೇಲೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತದಲ್ಲಿ ಬಿದ್ದ ಷೇರನ್ನು ಮುಂದಿನ ಹಂತಕ್ಕೆ ತರಬೇಡಿ. "ಇದೊಂದು ಸರಿಯಿಲ್ಲ, ಮಿಕ್ಕಿದ್ದೆಲ್ಲ ಚೆನ್ನಾಗಿದೆ" ಅಂತ ವಿನಾಯಿತಿ ಕೊಟ್ಟಾಗಲೇ ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು.

ಶುರು ಮಾಡುವ ಮುಂಚೆ ಏನೇನು ಬೇಕು

ಮೊದಲು ದುಡ್ಡಿನ ವಿಷಯ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಇರಲಿ. ಷೇರಿಗೆ ಹಾಕುವುದು ಐದು ವರ್ಷ ಮುಟ್ಟಬೇಕಾಗಿಲ್ಲದ ದುಡ್ಡಾಗಿರಲಿ. ಸಾಲ ಮಾಡಿ ಷೇರು ಕೊಳ್ಳುವ ಯೋಚನೆ ಇದ್ದರೆ ಇಲ್ಲಿಗೇ ನಿಲ್ಲಿಸಿ.

ಉಳಿದ ಸಲಕರಣೆಗೆ ಖರ್ಚಿಲ್ಲ. ಎನ್‌ಎಸ್‌ಇ ಮತ್ತು ಬಿಎಸ್‌ಇ ವೆಬ್‌ಸೈಟ್, ಕಂಪನಿಗಳ ಹತ್ತು ವರ್ಷದ ಲೆಕ್ಕ ಒಂದೇ ಪುಟದಲ್ಲಿ ತೋರಿಸುವ ಸ್ಕ್ರೀನರ್ ತಾಣ, ಕಂಪನಿಯ ವಾರ್ಷಿಕ ವರದಿ, ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್. ಇಷ್ಟು ಸಾಕು. ಟೆಲಿಗ್ರಾಂ ಗುಂಪು, ಟಿಪ್ಸ್ ಚಾನೆಲ್ ಯಾವುದೂ ಬೇಕಿಲ್ಲ.

ಹಂತ 1: ಬೆಲೆ ಮರೆತು ಕಂಪನಿಯ ಒಟ್ಟು ಮೌಲ್ಯ ನೋಡಿ

ಎಂಟು ರೂಪಾಯಿ ಷೇರು ಅಗ್ಗ, ಒಂದು ಲಕ್ಷ ರೂಪಾಯಿ ಷೇರು ದುಬಾರಿ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡೋಣ.

ವೊಡಾಫೋನ್ ಐಡಿಯಾ ಸರ್ಕಾರಕ್ಕೆ ಕೊಡಬೇಕಿದ್ದ ಬಾಕಿಯ ಒಂದು ಪಾಲು 2025ರ ಏಪ್ರಿಲ್‌ನಲ್ಲಿ ಷೇರಾಗಿ ಬದಲಾಯಿತು. ಆಮೇಲೆ ಅದರ ಷೇರುಗಳ ಸಂಖ್ಯೆ 10,800 ಕೋಟಿ ದಾಟಿತು. ಷೇರಿಗೆ ಎಂಟು ರೂಪಾಯಿ ಅಂತ ಹಿಡಿದರೆ ಇಡೀ ಕಂಪನಿಯ ಬೆಲೆ 86,000 ಕೋಟಿಗೂ ಜಾಸ್ತಿ. ಇನ್ನೊಂದು ಕಡೆ ಎಂಆರ್‌ಎಫ್ ಇದೆ. 2023ರ ಜೂನ್‌ನಲ್ಲಿ ಅದರ ಒಂದು ಷೇರು ಒಂದು ಲಕ್ಷ ರೂಪಾಯಿ ಮುಟ್ಟಿತು. ಆದರೆ ಅದರ ಷೇರುಗಳು ಇರುವುದೇ 42 ಲಕ್ಷ ಚಿಲ್ಲರೆ. ಲಕ್ಷ ರೂಪಾಯಿ ಲೆಕ್ಕದಲ್ಲಿ ಇಡೀ ಕಂಪನಿಗೆ ಸುಮಾರು 42,000 ಕೋಟಿ. ಅಂದರೆ ಎಂಟು ರೂಪಾಯಿ ಷೇರಿನ ಕಂಪನಿಗೆ ಪೇಟೆ ಕಟ್ಟಿದ ಬೆಲೆ, ಲಕ್ಷ ರೂಪಾಯಿ ಷೇರಿನ ಕಂಪನಿಯ ಎರಡು ಪಟ್ಟು.

"ಎಂಟು ರೂಪಾಯಿ ಎಂಬತ್ತಾದರೆ ಸಾಕು, ಹತ್ತು ಪಟ್ಟು" ಅನ್ನುವವರು ಇದನ್ನೂ ಲೆಕ್ಕ ಹಾಕಬೇಕು. ಎಂಬತ್ತು ರೂಪಾಯಿಯಾದರೆ ಕಂಪನಿಯ ಮೌಲ್ಯ 8.6 ಲಕ್ಷ ಕೋಟಿ ಆಗಬೇಕು. ಇನ್ಫೋಸಿಸ್‌ಗೆ ಸುಮಾರು 400 ಕೋಟಿ ಷೇರುಗಳಿವೆ. ಷೇರಿಗೆ 1,500 ರೂಪಾಯಿ ಹಿಡಿದರೂ ಅದು 6 ಲಕ್ಷ ಕೋಟಿ. ನಿಮ್ಮ ಎಂಟು ರೂಪಾಯಿ ಷೇರು ಹತ್ತು ಪಟ್ಟಾಗಲು ಆ ಕಂಪನಿ ಇನ್ಫೋಸಿಸ್‌ನನ್ನೂ ಮೀರಿಸಬೇಕು. ಈ ಗುಣಾಕಾರಕ್ಕೆ ಒಂದು ನಿಮಿಷ ಸಾಕು. ಮಾಡುವವರು ಕಮ್ಮಿ.

ಷೇರು ವಿಭಜನೆ, ಬೋನಸ್ ಷೇರು ಘೋಷಿಸಿ ಬೆಲೆ ಇಳಿದಂತೆ ಕಾಣಿಸುವುದೂ ಇದೇ ಲೆಕ್ಕ. ಒಬ್ಬಟ್ಟನ್ನು ನಾಲ್ಕು ತುಂಡು ಮಾಡಿದರೂ ಎಂಟು ತುಂಡು ಮಾಡಿದರೂ ಒಬ್ಬಟ್ಟು ದೊಡ್ಡದಾಗುವುದಿಲ್ಲ.

ಮಾಡಬೇಕಾದ್ದು ಇಷ್ಟು: ನೋಟ್‌ಬುಕ್‌ನಲ್ಲಿ ಕಂಪನಿಯ ಹೆಸರಿನ ಮುಂದೆ ಈ ಒಟ್ಟು ಮೌಲ್ಯ, ಅಂದರೆ ಮಾರ್ಕೆಟ್ ಕ್ಯಾಪ್, ಬರೆಯಿರಿ. ಷೇರಿನ ಬೆಲೆ ಬರೆಯಬೇಡಿ.

ಹಂತ 2: ಮಾರಿ ಹೊರಬರಲು ದಾರಿ ಇದೆಯಾ?

ಇದು ಅತಿ ಮುಖ್ಯವಾದ ಹಂತ. ಪೆನ್ನಿ ಷೇರಿನಲ್ಲಿ, ಅಂದರೆ ಕೆಲವೇ ರೂಪಾಯಿ ಬೆಲೆಯ ಸಣ್ಣ ಕಂಪನಿ ಷೇರಿನಲ್ಲಿ, ದುಡ್ಡು ಕಳೆದುಕೊಂಡವರಲ್ಲಿ ಹೆಚ್ಚಿನವರು ಬೀಳುವುದು ಇಲ್ಲೇ.

ಹೆಚ್ಚಿನ ಷೇರುಗಳಿಗೆ ಒಂದು ದಿನದಲ್ಲಿ ಇಷ್ಟೇ ಏರಬಹುದು, ಇಷ್ಟೇ ಇಳಿಯಬಹುದು ಅನ್ನುವ ಮಿತಿ ಇರುತ್ತದೆ. ಶೇ. 2, 5, 10 ಅಥವಾ 20. ಮೇಲಿನ ಮಿತಿ ಮುಟ್ಟಿದರೆ ಅಪ್ಪರ್ ಸರ್ಕ್ಯೂಟ್, ಕೆಳಗಿನದು ಮುಟ್ಟಿದರೆ ಲೋವರ್ ಸರ್ಕ್ಯೂಟ್. ದಿನವೂ ಅಪ್ಪರ್ ಸರ್ಕ್ಯೂಟ್ ಹೊಡೆಯುವ ಷೇರನ್ನು ನೋಡಿದರೆ ಬಾಯಲ್ಲಿ ನೀರೂರುತ್ತದೆ. ಆಗ ಕೊಳ್ಳುವವರು ಸಾಲುಗಟ್ಟಿರುತ್ತಾರೆ, ಮಾರುವವರು ಒಬ್ಬರೂ ಇರುವುದಿಲ್ಲ. ತಿರುಗಿ ಬಿದ್ದ ದಿನ ಇದೇ ಚಿತ್ರ ಉಲ್ಟಾ ಆಗುತ್ತದೆ. ಮಾರುವವರ ಕಡೆ ಲಕ್ಷಗಟ್ಟಲೆ ಷೇರು, ಕೊಳ್ಳುವವರ ಕಡೆ ಸೊನ್ನೆ.

ಶೇ. 5ರ ಮಿತಿ ಇರುವ ಹತ್ತು ರೂಪಾಯಿ ಷೇರು ಸತತ ಹತ್ತು ದಿನ ಲೋವರ್ ಸರ್ಕ್ಯೂಟ್ ಹೊಡೆದರೆ ಬೆಲೆ ಆರು ರೂಪಾಯಿಗೆ ಬರುತ್ತದೆ. ಇಪ್ಪತ್ತು ದಿನಕ್ಕೆ ಸುಮಾರು ಮೂರೂವರೆ. ಈ ಇಪ್ಪತ್ತು ದಿನವೂ ನೀವು ಬೆಳಿಗ್ಗೆ ಮಾರಲು ಹಾಕಿರುತ್ತೀರಿ, ಸಂಜೆ ಆರ್ಡರ್ ರದ್ದಾಗಿರುತ್ತದೆ. ಸ್ಟಾಪ್ ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರು ಅನ್ನುವ ಆರ್ಡರ್) ಹಾಕಿದ್ದೀನಿ ಅನ್ನುವ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು. ಕೊಳ್ಳುವವರೇ ಇಲ್ಲದಿದ್ದರೆ ಯಾವ ಆರ್ಡರೂ ಹೋಗುವುದಿಲ್ಲ.

ಹೀಗೆ ಪರೀಕ್ಷಿಸಿ:

1. ನಿಮ್ಮ ಬ್ರೋಕರ್ ಆ್ಯಪ್‌ನಲ್ಲಿ ಆ ಷೇರಿನ ಮಾರ್ಕೆಟ್ ಡೆಪ್ತ್, ಅಂದರೆ ಕೊಳ್ಳುವ-ಮಾರುವ ಆರ್ಡರ್‌ಗಳ ಪಟ್ಟಿ, ತೆರೆಯಿರಿ. ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ಎಷ್ಟು ಅಂತರ ಇದೆ ನೋಡಿ. ಒಂದು ಕಡೆ 2.10, ಇನ್ನೊಂದು ಕಡೆ 2.20 ಇದ್ದರೆ ಕೊಂಡ ಕ್ಷಣವೇ ಶೇ. 5ರ ಹತ್ತಿರ ಹೋಯಿತು.

2. ಎನ್‌ಎಸ್‌ಇ ಪುಟದಲ್ಲಿ ದಿನದ ವಹಿವಾಟಿನ ಮೊತ್ತ ನೋಡಿ. ಷೇರುಗಳ ಸಂಖ್ಯೆ ನೋಡಬೇಡಿ, ರೂಪಾಯಿ ಮೊತ್ತ ನೋಡಿ. ಒಂದು ರೂಪಾಯಿ ಷೇರು ಐದು ಲಕ್ಷ ಕೈ ಬದಲಾಯಿಸಿದರೂ ಅದು ಐದೇ ಲಕ್ಷ ರೂಪಾಯಿ. ದಿನಕ್ಕೆ ಹತ್ತು ಕೋಟಿ ರೂಪಾಯಿ ವಹಿವಾಟು ಇಲ್ಲದ ಷೇರು ಹೊಸಬರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

3. ಕಳೆದ ಆರು ತಿಂಗಳ ಚಾರ್ಟ್ ತೆರೆಯಿರಿ. ಏರಿಳಿತದ ಗೆರೆಯ ಬದಲು ಅಕ್ಕಪಕ್ಕ ಸುಮ್ನೆ ಚುಕ್ಕಿ ಇಟ್ಟಂತೆ ಕಂಡರೆ ಅದು ಸರ್ಕ್ಯೂಟಿನಿಂದ ಸರ್ಕ್ಯೂಟಿಗೆ ನೆಗೆದ ಷೇರು. ಅಲ್ಲಿಗೆ ಪುಟ ಮುಚ್ಚಿ.

ಹಂತ 3: ವಿನಿಮಯ ಕೇಂದ್ರದ ಎಚ್ಚರಿಕೆ ಓದಿ

ಎನ್‌ಎಸ್‌ಇ ಮತ್ತು ಬಿಎಸ್‌ಇ ಅನುಮಾನಾಸ್ಪದ ಷೇರುಗಳನ್ನು ನಿಗಾ ಪಟ್ಟಿಗೆ ಹಾಕುತ್ತವೆ. ಎಎಸ್‌ಎಂ, ಜಿಎಸ್‌ಎಂ, ಇಎಸ್‌ಎಂ ಅನ್ನುವ ಮೂರು ಹೆಸರು ನೆನಪಿಡಿ. ಬ್ರೋಕರ್ ಆ್ಯಪ್‌ನಲ್ಲಿ ಕೊಳ್ಳಲು ಹೋದಾಗ ಹಳದಿ ಬಣ್ಣದಲ್ಲೋ ಕೆಂಪಿನಲ್ಲೋ ಒಂದು ಸೂಚನೆ ಬರುತ್ತದಲ್ಲ, ಅದೇ ಇದು. ಹೆಚ್ಚಿನವರು ಅದನ್ನು ಓದದೆ "ಮುಂದುವರಿಸಿ" ಒತ್ತುತ್ತಾರೆ. ಈ ನಿಗಾದ ಕೆಲವು ಹಂತಗಳಲ್ಲಿ ಷೇರಿನ ವಹಿವಾಟು ವಾರಕ್ಕೆ ಒಂದೇ ದಿನ ನಡೆಯುತ್ತದೆ.

ಬಿಎಸ್‌ಇಯಲ್ಲಿ ಷೇರಿನ ಗುಂಪನ್ನೂ ನೋಡಿ. 'ಝಡ್' ಗುಂಪು ಅಂದರೆ ಕಂಪನಿ ಪಟ್ಟಿಯ ನಿಯಮ ಪಾಲಿಸಿಲ್ಲ ಅಂತ. 'ಟಿ' ಗುಂಪಿನಲ್ಲಿ ಅದೇ ದಿನ ಕೊಂಡು ಮಾರುವ ಹಾಗಿಲ್ಲ, ಡೆಲಿವರಿ ಕಡ್ಡಾಯ. ಎನ್‌ಎಸ್‌ಇಯಲ್ಲಿ ಇದೇ ಥರದ್ದಕ್ಕೆ 'ಬಿಇ' ಸರಣಿ. ಎಎಸ್‌ಎಂನಲ್ಲಿ ದೊಡ್ಡ ಕಂಪನಿಯ ಷೇರೂ ಒಮ್ಮೊಮ್ಮೆ ಕಾಣಿಸಿಕೊಳ್ಳುತ್ತದೆ, ನಿಜ. ಆದರೂ ಮೊದಲ ವರ್ಷ ಈ ಪಟ್ಟಿಗಳಲ್ಲಿರುವ ಯಾವುದನ್ನೂ ಮುಟ್ಟಬೇಡಿ. ನಿಮಗೆ ಬೇರೆ ಷೇರುಗಳ ಕೊರತೆಯಿಲ್ಲ.

ಹಂತ 4: ಹುಡುಕುವ ಜಾಗ ಚಿಕ್ಕದು ಮಾಡಿ

ಮ್ಯೂಚುವಲ್ ಫಂಡ್‌ಗಳ ಸಂಘ ಆಂಫಿ ಆರು ತಿಂಗಳಿಗೊಮ್ಮೆ ಒಂದು ಪಟ್ಟಿ ಹಾಕುತ್ತದೆ. ಮಾರ್ಕೆಟ್ ಕ್ಯಾಪ್ ಪ್ರಕಾರ ಮೊದಲ 100 ಕಂಪನಿ ಲಾರ್ಜ್ ಕ್ಯಾಪ್, 101ರಿಂದ 250 ಮಿಡ್ ಕ್ಯಾಪ್, 251ರಿಂದಾಚೆ ಸ್ಮಾಲ್ ಕ್ಯಾಪ್. ಮೊದಲ ಎರಡು ವರ್ಷ ಮೊದಲ 100ರೊಳಗೇ ಇರಿ. ಅದರಲ್ಲಿ ನೀವು ದಿನಾ ಬಳಸುವ, ಕೆಲಸದಲ್ಲಿ ನೋಡುವ ಉದ್ಯಮದ ಹತ್ತು ಕಂಪನಿ ಬರೆದುಕೊಳ್ಳಿ. ಔಷಧದ ಅಂಗಡಿಯವರಿಗೆ ಔಷಧ ಕಂಪನಿಗಳ ಬಗ್ಗೆ, ಬೆಂಗಳೂರಿನ ಐಟಿ ಉದ್ಯೋಗಿಗೆ ಸಾಫ್ಟ್‌ವೇರ್ ಕಂಪನಿಗಳ ಬಗ್ಗೆ ಬೇರೆಯವರಿಗಿಂತ ಜಾಸ್ತಿ ಗೊತ್ತಿರುತ್ತದೆ. ಆದರೆ ನೀವು ಕೆಲಸ ಮಾಡುವ ಕಂಪನಿಯ ಷೇರನ್ನೇ ತುಂಬಿಕೊಳ್ಳಬೇಡಿ. ಸಂಬಳವೂ ಉಳಿತಾಯವೂ ಒಂದೇ ಕಡೆ ಸಿಕ್ಕಿಬೀಳುತ್ತದೆ.

ಹಂತ 5: ಪ್ರವರ್ತಕರು ಏನು ಮಾಡುತ್ತಿದ್ದಾರೆ?

ಪ್ರತಿ ಕಂಪನಿಯೂ ತ್ರೈಮಾಸಿಕ ಮುಗಿದ 21 ದಿನದೊಳಗೆ ಯಾರ ಹತ್ತಿರ ಎಷ್ಟು ಷೇರಿದೆ ಅನ್ನುವ ವಿವರ ಕೊಡಬೇಕು. ಬಿಎಸ್‌ಇ ವೆಬ್‌ಸೈಟಿನಲ್ಲಿ ಷೇರ್‌ಹೋಲ್ಡಿಂಗ್ ಪ್ಯಾಟರ್ನ್ ಅನ್ನುವಲ್ಲಿ ಸಿಗುತ್ತದೆ. ಕಳೆದ ಎಂಟು ತ್ರೈಮಾಸಿಕದ ಅಂಕಿ ಒಂದರ ಪಕ್ಕ ಒಂದು ಬರೆದುಕೊಳ್ಳಿ.

ನೋಡಬೇಕಾದ್ದು ಎರಡು. ಪ್ರವರ್ತಕರ ಪಾಲು ಪ್ರತಿ ಸಲವೂ ಇಳಿಯುತ್ತಿದ್ದು, ಸಣ್ಣ ಷೇರುದಾರರ ಸಂಖ್ಯೆ ಒಮ್ಮೆಲೇ ಏರಿದ್ದರೆ ಒಳಗಿನವರು ಹೊರಗೆ ಹೋಗುತ್ತಿದ್ದಾರೆ, ನಿಮ್ಮಂಥವರು ಒಳಗೆ ಬರುತ್ತಿದ್ದಾರೆ. ಪೆನ್ನಿ ಷೇರಿನಲ್ಲಿ ಇದಕ್ಕಿಂತ ಸ್ಪಷ್ಟ ಸೂಚನೆ ಇನ್ನೊಂದಿಲ್ಲ.

ಎರಡನೆಯದು ಅಡ ಇಟ್ಟ ಷೇರು. ಪ್ರವರ್ತಕರು ತಮ್ಮ ಷೇರನ್ನು ಅಡ ಇಟ್ಟು ಸಾಲ ತೆಗೆದಿರುತ್ತಾರೆ. ಬೆಲೆ ಇಳಿದಾಗ ಸಾಲ ಕೊಟ್ಟವರು ಆ ಷೇರನ್ನು ಪೇಟೆಯಲ್ಲಿ ಮಾರುತ್ತಾರೆ. ಅದರಿಂದ ಬೆಲೆ ಇನ್ನೂ ಇಳಿಯುತ್ತದೆ, ಇನ್ನಷ್ಟು ಷೇರು ಮಾರಾಟಕ್ಕೆ ಬರುತ್ತದೆ. ಅಡದ ಪಾಲು ಶೇ. 10 ದಾಟಿದ್ದರೆ ನಾನು ಆ ಕಂಪನಿ ಬಿಟ್ಟು ಮುಂದೆ ಹೋಗಿ ಅಂತಲೇ ಹೇಳುತ್ತೇನೆ.

ಪ್ರವರ್ತಕರ ಪಾಲು ಕಮ್ಮಿ ಇದ್ದ ಮಾತ್ರಕ್ಕೆ ಕಂಪನಿ ಕೆಟ್ಟದ್ದೇನಲ್ಲ. ಐಟಿಸಿ, ಎಲ್ ಆ್ಯಂಡ್ ಟಿ, ಐಸಿಐಸಿಐ ಬ್ಯಾಂಕ್‌ಗಳಿಗೆ ಪ್ರವರ್ತಕರೇ ಇಲ್ಲ. ಎಷ್ಟಿದೆ ಅನ್ನುವುದಕ್ಕಿಂತ ಯಾವ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ.

ಹಂತ 6: ಲಾಭ ಕೈಗೆ ಬಂದಿದೆಯಾ?

ಲಾಭವನ್ನು ಕಾಗದದ ಮೇಲೆ ತೋರಿಸಬಹುದು. ನಗದನ್ನು ಹಾಗೆ ತೋರಿಸುವುದು ಕಷ್ಟ. ಹೊಸಬರು ಬರೀ ನಿವ್ವಳ ಲಾಭ ನೋಡಿ ನಿಲ್ಲಿಸುತ್ತಾರೆ. ನೀವು ಇನ್ನೊಂದು ಹೆಜ್ಜೆ ಹಾಕಿ.

ಸ್ಕ್ರೀನರ್‌ನಲ್ಲಿ ಕಂಪನಿಯ ಪುಟ ತೆರೆಯಿರಿ. ಲಾಭ-ನಷ್ಟದ ಪಟ್ಟಿಯಲ್ಲಿ ನೆಟ್ ಪ್ರಾಫಿಟ್ ಸಾಲು ಇದೆ. ಐದು ವರ್ಷದ್ದನ್ನು ಕೂಡಿಸಿ. ಕೆಳಗೆ ಕ್ಯಾಶ್ ಫ್ಲೋ ಪಟ್ಟಿಯ ಮೊದಲ ಸಾಲಿನಲ್ಲಿ ವ್ಯವಹಾರದಿಂದ ಬಂದ ನಗದು ಇದೆ. ಅದನ್ನೂ ಐದು ವರ್ಷಕ್ಕೆ ಕೂಡಿಸಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ.

ಐದು ವರ್ಷದ ಲಾಭ 100 ಕೋಟಿ, ಬಂದ ನಗದು 95 ಕೋಟಿ ಅಂತಿಟ್ಟುಕೊಳ್ಳಿ. ಚೆನ್ನಾಗಿದೆ. ಲಾಭ 100 ಕೋಟಿ, ನಗದು 18 ಕೋಟಿ ಅಂದರೆ? ಮಿಕ್ಕ 82 ಕೋಟಿ ಎಲ್ಲಿ ಅಂತ ಹುಡುಕಬೇಕು. ಸಾಮಾನ್ಯವಾಗಿ ಗ್ರಾಹಕರಿಂದ ಬರಬೇಕಾದ ಬಾಕಿಯಲ್ಲಿ ಅಥವಾ ಗೋದಾಮಿನ ಸರಕಿನಲ್ಲಿ ಕೂತಿರುತ್ತದೆ. ಅದೇ ಪುಟದಲ್ಲಿ ಡೆಟರ್ ಡೇಸ್ ಅನ್ನುವ ಸಾಲು ನೋಡಿ, ಮಾರಿದ ಮೇಲೆ ದುಡ್ಡು ಬರಲು ಎಷ್ಟು ದಿನ ಹಿಡಿಯುತ್ತದೆ ಅನ್ನುವ ಲೆಕ್ಕ ಅದು. ಅದು 60 ದಿನದಿಂದ 90ಕ್ಕೆ, 90ರಿಂದ 180ಕ್ಕೆ ಹೋಗಿದ್ದರೆ ಮಾರಿದ ಸರಕಿನ ದುಡ್ಡು ಬರುತ್ತಿಲ್ಲ, ಅಥವಾ ಆ ಮಾರಾಟವೇ ನಡೆದಿಲ್ಲ. ಐದು ವರ್ಷದ ಲೆಕ್ಕದಲ್ಲಿ ನಗದು ಲಾಭದ ಶೇ. 80ಕ್ಕಿಂತ ಕೆಳಗಿದ್ದರೆ ಬಿಟ್ಟುಬಿಡಿ. ಬ್ಯಾಂಕ್ ಮತ್ತು ಸಾಲ ಕೊಡುವ ಕಂಪನಿಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅವುಗಳ ಸರಕೇ ದುಡ್ಡು.

ಇನ್ನೊಂದು ಸಾಲು ಇತರೆ ಆದಾಯದ್ದು. ಸಣ್ಣ ಕಂಪನಿಯೊಂದು ಜಾಗ ಮಾರಿ ಒಂದು ವರ್ಷ ಭಾರಿ ಲಾಭ ತೋರಿಸುತ್ತದೆ. "ಲಾಭ ಎಂಟು ಪಟ್ಟು" ಅನ್ನುವ ಸುದ್ದಿ ಹರಡುತ್ತದೆ. ಮುಂದಿನ ವರ್ಷ ಮಾರಲು ಇನ್ನೊಂದು ಜಾಗ ಇರುವುದಿಲ್ಲ.

ಹೂಡಿದ ಬಂಡವಾಳದ ಮೇಲೆ ಬರುವ ಗಳಿಕೆ, ಅಂದರೆ ಆರ್‌ಒಸಿಇ, ಐದು ವರ್ಷ ಸತತ ಶೇ. 15ರ ಮೇಲಿದ್ದರೆ ವ್ಯವಹಾರದಲ್ಲಿ ಹುರುಳಿದೆ. ಒಂದು ವರ್ಷ 30, ಮರುವರ್ಷ 4 ಅನ್ನುವಂಥದ್ದು ಹೊಸಬರಿಗಲ್ಲ.

ಕೊನೆಗೆ ವಾರ್ಷಿಕ ವರದಿಯಲ್ಲಿ ಆಡಿಟರ್ ವರದಿ ಓದಿ. ಇಡೀ ವರದಿ ಓದಲು ಆಗದಿದ್ದರೂ ಈ ನಾಲ್ಕಾರು ಪುಟ ಓದಲೇಬೇಕು. ಆಡಿಟರ್ ಆಕ್ಷೇಪ ಬರೆದಿದ್ದರೆ, ಅವಧಿಯ ಮಧ್ಯೆ ರಾಜೀನಾಮೆ ಕೊಟ್ಟಿದ್ದರೆ, ಪ್ರವರ್ತಕರ ಬೇರೆ ಕಂಪನಿಗಳಿಗೆ ದೊಡ್ಡ ಸಾಲ ಹೋಗಿದ್ದರೆ ಮುಂದೆ ಓದುವ ಅಗತ್ಯವಿಲ್ಲ.

ಇಷ್ಟೆಲ್ಲ ನೋಡಿದರೂ ಮೋಸ ತಪ್ಪಿಹೋಗಬಹುದು. 2009ರ ಜನವರಿ 7ರಂದು ಐಟಿ ಕಂಪನಿ ಸತ್ಯಂನ ಅಧ್ಯಕ್ಷರು ಪತ್ರ ಬರೆದು ಲೆಕ್ಕದಲ್ಲಿದ್ದ 5,361 ಕೋಟಿ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂದರು. ಷೇರು ಒಂದೇ ದಿನ ಮುಕ್ಕಾಲು ಪಾಲಿಗಿಂತ ಜಾಸ್ತಿ ಬಿತ್ತು. ಅದು ಪೆನ್ನಿ ಷೇರಾಗಿರಲಿಲ್ಲ, ಸೆನ್ಸೆಕ್ಸ್‌ನಲ್ಲಿದ್ದ ಷೇರು. ಹಂತ 9ರಲ್ಲಿ ಒಂದೇ ಕಂಪನಿಗೆ ಎಲ್ಲ ದುಡ್ಡು ಹಾಕಬೇಡಿ ಅನ್ನುವುದು ಇದಕ್ಕೇ.

ಹಂತ 7: ಸಾಲ ಅಳೆಯಿರಿ

ಕಂಪನಿಯ ಸಾಲ ಅದರ ಸ್ವಂತ ಬಂಡವಾಳಕ್ಕಿಂತ ಕಮ್ಮಿ ಇರಲಿ. ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ ಬಡ್ಡಿಯ ನಾಲ್ಕು ಪಟ್ಟಾದರೂ ಇರಲಿ. ವಿದ್ಯುತ್, ರಸ್ತೆಯಂಥ ಉದ್ಯಮಗಳಲ್ಲಿ ಸಾಲ ಜಾಸ್ತಿ ಇರುವುದು ಸಹಜ. ಬ್ಯಾಂಕ್‌ಗಳಲ್ಲಿ ಸಾಲದ ಬದಲು ವಸೂಲಾಗದ ಸಾಲದ ಪ್ರಮಾಣ, ಬಂಡವಾಳ ಸಾಕಷ್ಟಿದೆಯಾ ಅನ್ನುವುದನ್ನು ನೋಡಬೇಕು.

ಸಾಲದ ಹಂತವನ್ನು ಹಾರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಶುರುವಾದಾಗಿನಿಂದ ಒಂದು ವರ್ಷವೂ ಲಾಭ ಕಂಡಿರಲಿಲ್ಲ. ಸಾಲ ಬೆಳೆಯುತ್ತಲೇ ಹೋಯಿತು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. 2018ರಲ್ಲಿ ಷೇರು ಪೇಟೆಯ ಪಟ್ಟಿಯಿಂದಲೇ ಹೊರಬಿತ್ತು. ಪರಿಚಿತ ಹೆಸರು, ಇಳಿದ ಬೆಲೆ ನೋಡಿ ಕೊಂಡವರಿಗೆ ಕೊನೆಗೆ ಮಾರುವ ಜಾಗವೇ ಉಳಿಯಲಿಲ್ಲ.

ಇನ್ನೂ ಕಣ್ಣು ತೆರೆಸುವಂಥದ್ದು ಮನೆಸಾಲ ಕೊಡುತ್ತಿದ್ದ ಕಂಪನಿ ಡಿಎಚ್‌ಎಫ್‌ಎಲ್. 2018ರಲ್ಲಿ ಷೇರು 600 ರೂಪಾಯಿ ದಾಟಿತ್ತು. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2021ರ ಜೂನ್‌ನಲ್ಲಿ ಪಿರಾಮಲ್ ಸಮೂಹ ಅದನ್ನು ಕೊಳ್ಳುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸುದ್ದಿ ಕೇಳಿ ಇಪ್ಪತ್ತು ರೂಪಾಯಿ ಆಸುಪಾಸಿನಲ್ಲಿ ಜನ ಮುಗಿಬಿದ್ದರು, ಷೇರು ಅಪ್ಪರ್ ಸರ್ಕ್ಯೂಟ್ ಹೊಡೆಯಿತು. ಆದರೆ ಆ ಯೋಜನೆಯಲ್ಲಿ ಹಳೆ ಷೇರುದಾರರಿಗೆ ಕೊಟ್ಟ ಬೆಲೆ ಸೊನ್ನೆ. ಕೆಲವೇ ದಿನದಲ್ಲಿ ವಹಿವಾಟು ನಿಂತಿತು, ಷೇರುಗಳು ರದ್ದಾದವು. ದಿವಾಳಿ ಪ್ರಕ್ರಿಯೆಯಲ್ಲಿ ಮೊದಲ ಹಕ್ಕು ಸಾಲ ಕೊಟ್ಟವರದು. ಷೇರುದಾರ ಸಾಲಿನ ತುದಿಯಲ್ಲಿ ನಿಂತಿರುತ್ತಾನೆ. "ಇಷ್ಟು ಇಳಿದಿದೆ, ಇನ್ನೆಷ್ಟು ಇಳಿಯುತ್ತೆ?" ಅನ್ನುವ ಪ್ರಶ್ನೆಗೆ ಉತ್ತರ, ಸೊನ್ನೆಯವರೆಗೆ.

ಹಂತ 8: ಈಗ ಬೆಲೆ ನೋಡಿ

ಹತ್ತು ಕಂಪನಿಗಳಲ್ಲಿ ಮೂರೋ ನಾಲ್ಕೋ ಉಳಿದಿರುತ್ತವೆ. ಈಗ ಬೆಲೆ ಮತ್ತು ಗಳಿಕೆಯ ಅನುಪಾತ, ಪಿಇ, ನೋಡಿ. ಷೇರಿನ ಬೆಲೆ ಒಂದು ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಅನ್ನುವುದೇ ಪಿಇ. ಅದೇ ಕಂಪನಿಯ ಹತ್ತು ವರ್ಷದ ಸರಾಸರಿ ಜೊತೆ ಹೋಲಿಸಿ. ಅದೇ ಉದ್ಯಮದ ಇನ್ನೆರಡು ಕಂಪನಿಗಳ ಜೊತೆ ಹೋಲಿಸಿ. ಸಾಫ್ಟ್‌ವೇರ್ ಕಂಪನಿಯನ್ನು ಉಕ್ಕಿನ ಕಂಪನಿ ಜೊತೆ ಹೋಲಿಸಬೇಡಿ.

ಉಕ್ಕು, ಸಕ್ಕರೆಯಂಥ ಏರಿಳಿತದ ಉದ್ಯಮಗಳಲ್ಲಿ ಪಿಇ ಅತಿ ಕಮ್ಮಿ ಕಾಣುವುದು ಲಾಭ ತುದಿ ಮುಟ್ಟಿದಾಗ. ಮುಂದಿನ ವರ್ಷ ಲಾಭ ಕುಸಿಯುತ್ತದೆ, ಅಗ್ಗ ಅಂದುಕೊಂಡದ್ದು ದುಬಾರಿಯಾಗಿರುತ್ತದೆ.

ಒಳ್ಳೆ ಕಂಪನಿಗೂ ಜಾಸ್ತಿ ಬೆಲೆ ಕೊಟ್ಟರೆ ಕಷ್ಟವೇ. ಇನ್ಫೋಸಿಸ್ 2000ದ ಐಟಿ ಹುಚ್ಚಿನ ತುತ್ತತುದಿಯಲ್ಲಿದ್ದಾಗ ಕೊಂಡವರು ಅಸಲು ನೋಡಲು ವರ್ಷಗಟ್ಟಲೆ ಕಾದರು. ಕಂಪನಿ ಆಗಲೂ ಗಟ್ಟಿಯಾಗಿಯೇ ಇತ್ತು. ಸರಾಸರಿಗಿಂತ ತುಂಬಾ ಮೇಲಿದ್ದರೆ ಬೆಲೆ ಬರೆದಿಟ್ಟುಕೊಂಡು ಕಾಯಿರಿ.

ಹಂತ 9: ಕೊಳ್ಳುವ ವಿಧಾನ

ಷೇರಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಮೂರನೇ ಎರಡು ಪಾಲು ಐವತ್ತು ದೊಡ್ಡ ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ ತಿಂಗಳು ತಿಂಗಳು ಹೋಗಲಿ. ಉಳಿದದ್ದರಲ್ಲಿ ಐದಾರು ಷೇರು ಕೊಳ್ಳಿ. ಎಲ್ಲವೂ ಒಂದೇ ಉದ್ಯಮದವು ಆಗಬಾರದು. ಈ ಪ್ರಮಾಣ ನನ್ನ ಸಲಹೆ ಮಾತ್ರ. ನಿಮ್ಮ ವಯಸ್ಸು, ಜವಾಬ್ದಾರಿ ನೋಡಿ ಬದಲಾಯಿಸಿಕೊಳ್ಳಿ.

ಒಂದು ಷೇರಿಗೆ ಇಟ್ಟ ದುಡ್ಡನ್ನು ಮೂರು ಕಂತು ಮಾಡಿ, ತಿಂಗಳಿಗೊಂದರಂತೆ ಕೊಳ್ಳಿ. ಯಾವಾಗಲೂ ಲಿಮಿಟ್ ಆರ್ಡರ್, ಅಂದರೆ ಇಷ್ಟು ಬೆಲೆಗಿಂತ ಜಾಸ್ತಿ ಕೊಡುವುದಿಲ್ಲ ಅನ್ನುವ ಆರ್ಡರ್, ಹಾಕಿ. "ಎರಡು ಸಾವಿರದ ಷೇರು ನಂಗೆ ಒಂದೇ ಬರುತ್ತೆ" ಅಂತ ಬೇಸರ ಬೇಡ. ಹತ್ತು ಸಾವಿರ ರೂಪಾಯಿ ಶೇ. 12 ಬೆಳೆದರೆ 1,200 ರೂಪಾಯಿಯೇ. ಅದು ಐದು ಷೇರಿನಲ್ಲಿದ್ದರೂ ಐದು ಸಾವಿರ ಷೇರಿನಲ್ಲಿದ್ದರೂ ಅಷ್ಟೇ.

ಖರ್ಚಿನ ಲೆಕ್ಕವೂ ಇರಲಿ. ಡಿಮ್ಯಾಟ್‌ನಿಂದ ಷೇರು ಮಾರಿದಾಗ ಡಿಪಿ ಶುಲ್ಕ ಅಂತ ಹದಿನೈದಿಪ್ಪತ್ತು ರೂಪಾಯಿ ಕತ್ತರಿಸುತ್ತಾರೆ, ಬ್ರೋಕರ್‌ಗೆ ತಕ್ಕಂತೆ ಹೆಚ್ಚುಕಡಿಮೆ ಇರುತ್ತದೆ. ಮೊತ್ತ ಎಷ್ಟಿದ್ದರೂ ಶುಲ್ಕ ಅಷ್ಟೇ. 600 ರೂಪಾಯಿಯ ಪೆನ್ನಿ ಷೇರು ಮಾರಿದರೆ ಶೇ. 3 ಅಲ್ಲೇ ಹೋಯಿತು.

ಕೊಂಡ ದಿನ ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಿರಿ: ಯಾಕೆ ಕೊಂಡೆ, ಏನಾದರೆ ಮಾರುತ್ತೇನೆ. "ಬೆಲೆ ಇಳಿದರೆ ಮಾರುತ್ತೇನೆ" ಅಂತ ಬರೆಯಬೇಡಿ. ಗಟ್ಟಿ ಷೇರೂ ಇಳಿಯುತ್ತದೆ. 2020ರ ಜನವರಿಯಲ್ಲಿ 12,400 ದಾಟಿದ್ದ ನಿಫ್ಟಿ ಮಾರ್ಚ್ 24ರಂದು 7,600ಕ್ಕಿಂತ ಕೆಳಗೆ ಹೋಗಿತ್ತು, ನವೆಂಬರ್‌ನಲ್ಲಿ ಹಳೆ ಎತ್ತರ ದಾಟಿತು. ಅಡ ಜಾಸ್ತಿಯಾದರೆ, ಎರಡು ವರ್ಷ ಸತತ ನಗದು ಬರದಿದ್ದರೆ, ಆಡಿಟರ್ ಬಿಟ್ಟುಹೋದರೆ ಮಾರುತ್ತೇನೆ ಅಂತ ಬರೆಯಿರಿ.

ಪದೇ ಪದೇ ಆಗುವ ತಪ್ಪುಗಳು

ಸರಾಸರಿ ಇಳಿಸುವುದು. ಹತ್ತಕ್ಕೆ ಕೊಂಡದ್ದು ಐದಾಯಿತು, ಇನ್ನಷ್ಟು ಕೊಂಡರೆ ಸರಾಸರಿ ಏಳೂವರೆಗೆ ಬರುತ್ತದೆ ಅನ್ನುವ ಲೆಕ್ಕ. ಶೇ. 90 ಇಳಿದ ಷೇರು ಹಳೆ ಬೆಲೆಗೆ ಬರಲು ಹತ್ತು ಪಟ್ಟಾಗಬೇಕು. ಇನ್ನೊಮ್ಮೆ ಶೇ. 90 ಇಳಿಯಲು ಏನೂ ಅಡ್ಡಿಯಿಲ್ಲ. ಇನ್ನಷ್ಟು ಕೊಳ್ಳುವ ಮುಂಚೆ ಹಂತ 2ರಿಂದ ಮತ್ತೆ ಎಲ್ಲ ಪರೀಕ್ಷೆ ಮಾಡಿ.

ಅಪರೂಪದ ಕಥೆ ನಂಬುವುದು. 2024ರ ಅಕ್ಟೋಬರ್ 29ರಂದು ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಷೇರು 3.53 ರೂಪಾಯಿಂದ 2,36,250ಕ್ಕೆ ಹೋಯಿತು. ಇದನ್ನು ತೋರಿಸಿ ಪೆನ್ನಿ ಷೇರು ಮಾರುವವರು ಬೇಕಾದಷ್ಟು ಜನ. ನಡೆದದ್ದು ಬೇರೆ. ಆ ಕಂಪನಿಯ ಒಟ್ಟು ಷೇರು ಎರಡೇ ಲಕ್ಷ. ಅದರ ಕೈಯಲ್ಲಿ ಏಷ್ಯನ್ ಪೇಂಟ್ಸ್‌ನ ಸಾವಿರಾರು ಕೋಟಿ ಬೆಲೆಯ ಷೇರುಗಳಿದ್ದವು. 3.53 ಅನ್ನುವುದು ಹೆಸರಿಗೆ ಮಾತ್ರ ಇದ್ದ ಬೆಲೆ, ಆ ಬೆಲೆಗೆ ಕೊಡುವವರೇ ಇರಲಿಲ್ಲ. ವಿನಿಮಯ ಕೇಂದ್ರ ವಿಶೇಷ ಹರಾಜು ನಡೆಸಿದಾಗ ನಿಜ ಬೆಲೆಯ ಹತ್ತಿರಕ್ಕೆ ಬಂತು. ಮೂರು ರೂಪಾಯಿಗೆ ಕೊಂಡು ಕೋಟ್ಯಧಿಪತಿಯಾಗುವ ಅವಕಾಶ ಅಲ್ಲಿ ಸಾಮಾನ್ಯ ಹೂಡಿಕೆದಾರನಿಗೆ ಇರಲೇ ಇಲ್ಲ.

ಚೂರುಚೂರು ಮಾಡಿ ಹಾಕುವುದು. "ಮೂವತ್ತು ಪೆನ್ನಿ ಷೇರು ಇಟ್ಟರೆ ಒಂದಾದರೂ ಹೊಡೆಯುತ್ತೆ" ಅನ್ನುತ್ತಾರೆ. ಮೂವತ್ತು ಕಂಪನಿಯ ಲೆಕ್ಕ ಓದಲು ಯಾರಿಗೂ ಪುರುಸೊತ್ತಿಲ್ಲ. ಓದದೆ ಇಟ್ಟ ಮೂವತ್ತೂ ಒಂದೇ ಥರ ಬೀಳುತ್ತವೆ.

ಅಪಾಯದ ಸೂಚನೆಗಳು

ಗೊತ್ತಿಲ್ಲದ ನಂಬರಿನಿಂದ ಟಿಪ್ ಬಂದರೆ, ಯೂಟ್ಯೂಬ್‌ನಲ್ಲಿ ಹೆಸರು ಕೇಳದ ಕಂಪನಿಯ ಬಗ್ಗೆ ಒಂದೇ ವಾರ ನಾಲ್ಕಾರು ವಿಡಿಯೊ ಬಂದರೆ, ಅದು ನಿಮಗೆ ಷೇರು ಮಾರಲು ಬಂದವರ ಕೆಲಸ ಅಂತ ತಿಳಿಯಿರಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಮಾರ್ಚ್‌ನಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಷೇರಿನ ಬಗ್ಗೆ ಆದೇಶ ಹೊರಡಿಸಿತು. ದೊಡ್ಡ ಉದ್ಯಮ ಸಮೂಹವೊಂದು ಕಂಪನಿಯನ್ನು ಕೊಳ್ಳುತ್ತದೆ ಅಂತ ಯೂಟ್ಯೂಬ್ ವಿಡಿಯೊಗಳಲ್ಲಿ ಸುಳ್ಳು ಹಬ್ಬಿಸಲಾಗಿತ್ತು. ಸಣ್ಣ ಷೇರುದಾರರ ಸಂಖ್ಯೆ ಎರಡು ಸಾವಿರ ಚಿಲ್ಲರೆಯಿಂದ 55,000 ದಾಟಿತು. ಆ ಹೊತ್ತಿನಲ್ಲೇ ಪ್ರವರ್ತಕರ ಕಡೆಯವರು ಮಾರಿದರು. ಹಂತ 5ರಲ್ಲಿ ಹೇಳಿದ ಸೂಚನೆ ಇದೇ.

ಕಂಪನಿ ಹೆಸರು ಬದಲಾಯಿಸಿ ಆ ಹೊತ್ತಿಗೆ ಜನಪ್ರಿಯವಾದ ಉದ್ಯಮದ ಹೆಸರು ಸೇರಿಸಿಕೊಂಡರೆ, ಮಾರಾಟವೇ ಇಲ್ಲದೆ ಬೋನಸ್ ಮತ್ತು ವಿಭಜನೆ ಒಟ್ಟಿಗೆ ಘೋಷಿಸಿದರೆ, ಫಲಿತಾಂಶವನ್ನು ತಡವಾಗಿ ಕೊಟ್ಟರೆ ದೂರ ಇರಿ.

ಸಲಹೆ ಕೊಡುವವರ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಸಂಶೋಧನಾ ವಿಶ್ಲೇಷಕರ ಸಂಖ್ಯೆ 'ಐಎನ್‌ಎಚ್', ಹೂಡಿಕೆ ಸಲಹೆಗಾರರದ್ದು 'ಐಎನ್‌ಎ' ಇಂದ ಶುರುವಾಗುತ್ತದೆ. ಗ್ಯಾರಂಟಿ ಲಾಭ ಅಂತ ಯಾರೂ ಹೇಳುವ ಹಾಗಿಲ್ಲ. ಹೂಡಿಕೆಯ ದುಡ್ಡನ್ನು ವ್ಯಕ್ತಿಯೊಬ್ಬರ ಖಾತೆಗೆ ಹಾಕಿ ಅಂದರೆ ಮಾತುಕತೆ ಅಲ್ಲಿಗೇ ಮುಗಿಸಿ. ಮೋಸವಾದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

1. ಮೊದಲು ಹಂತ 2 ಮತ್ತು 3ರ ಪರೀಕ್ಷೆ ಮಾಡಿ. ಷೇರು ಯಾವ ಪಟ್ಟಿಯಲ್ಲಿದೆ, ವಾರಕ್ಕೆ ಎಷ್ಟು ದಿನ ವಹಿವಾಟು, ದಿವಾಳಿ ಪ್ರಕ್ರಿಯೆ ನಡೆಯುತ್ತಿದೆಯಾ ತಿಳಿದುಕೊಳ್ಳಿ.

2. ಇವತ್ತು ಕೈಯಲ್ಲಿ ಅಷ್ಟೇ ನಗದು ಇದ್ದಿದ್ದರೆ ಇದೇ ಷೇರು ಕೊಳ್ಳುತ್ತಿದ್ದಿರಾ? ಇಲ್ಲ ಅಂದರೆ ಮಾರುವ ತೀರ್ಮಾನ ಮಾಡಿ. "ಅಸಲು ಬಂದರೆ ಸಾಕು" ಅಂತ ಕಾಯಬೇಡಿ. ನೀವು ಎಷ್ಟಕ್ಕೆ ಕೊಂಡಿರಿ ಅನ್ನುವುದು ಷೇರಿಗೆ ಗೊತ್ತಿಲ್ಲ.

3. ಲೋವರ್ ಸರ್ಕ್ಯೂಟ್‌ನಲ್ಲಿದ್ದರೆ ಆರ್ಡರ್ ಹಾಕುವ ಹೊತ್ತು ಮುಖ್ಯ. ಒಂದೇ ಬೆಲೆಯ ಆರ್ಡರ್‌ಗಳಲ್ಲಿ ಮೊದಲು ಬಂದದ್ದಕ್ಕೆ ಮೊದಲ ಸರದಿ. ಬೆಳಿಗ್ಗೆ 9 ಗಂಟೆಗೆ ಪ್ರಿ-ಓಪನ್ (ಪೇಟೆ ತೆರೆಯುವ ಮುಂಚಿನ ಅವಧಿ) ಶುರುವಾಗುವಾಗಲೇ ಅವತ್ತಿನ ಕೆಳಮಿತಿ ಬೆಲೆಗೆ ಹಾಕಿ. ಹೋಗದಿದ್ದರೆ ಮಾರನೇ ದಿನ ಮತ್ತೆ ಹಾಕಿ. ಮಧ್ಯೆ ಒಂದು ದಿನ ಅಪ್ಪರ್ ಸರ್ಕ್ಯೂಟ್ ಕಂಡಿತು ಅಂತ ಮನಸ್ಸು ಬದಲಾಯಿಸಬೇಡಿ. ಕೊಳ್ಳುವವರು ಸಿಗುವುದು ಅವತ್ತೇ, ಮಾರಿಬಿಡಿ.

4. ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ತೋರಿಸಿ. ಒಂದು ವರ್ಷದೊಳಗೆ ಮಾರಿದ ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭದ ಎದುರು ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ಎದುರು ಮಾತ್ರ. ಮಿಕ್ಕಿದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ಆ ವರ್ಷದ ರಿಟರ್ನ್ ಅನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಿರಬೇಕು. ಮಾರದೆ ಖಾತೆಯಲ್ಲೇ ಇಟ್ಟ ಷೇರಿನ ನಷ್ಟ ಈ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಮಾರ್ಚ್ 31ರ ಮುಂಚೆಯೇ ಮಾರಾಟ ಮುಗಿಸಿ.